ಅಪ್‌ಡೇಟ್: ಪಿ0113 ಕೋಡ್, ಮೈನಸ್ 40 ಡಿಗ್ರಿ ತೋರಿಸುತ್ತಿದ್ದ ಕಾರು

ಬೆಂಗಳೂರಿನ ಬಿಸಿಲಲ್ಲಿ ನಿಂತ ಕಾರಿನ ಇಂಜಿನ್‌ಗೆ ಹೋಗುವ ಗಾಳಿ ಮೈನಸ್ 40 ಡಿಗ್ರಿ ಅಂತ ಸ್ಕ್ಯಾನರ್ ಹೇಳುತ್ತಿದೆ, ಪಿ0113 (ಒಳಹೋಗುವ ಗಾಳಿಯ ಬಿಸಿ ಅಳೆಯುವ ಸೆನ್ಸರ್ ಸರ್ಕ್ಯೂಟ್‌ನಲ್ಲಿ ದೋಷ ಅನ್ನೋ ಕೋಡ್) ಅಳಿಸಿದರೂ ಮತ್ತೆ ಬರುತ್ತಿದೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಯಿತು.

ಸೆನ್ಸರ್ ಕ್ಲೀನ್ ಮಾಡಿದ್ದು, ಬ್ಯಾಟರಿ ಬಿಚ್ಚಿ ಹಾಕಿದ್ದು ಎರಡೂ ಉಪಯೋಗಕ್ಕೆ ಬರಲಿಲ್ಲ. ದಾರಿ ತೋರಿಸಿದ್ದು ಜಂಪರ್ ವೈರ್ (ಎರಡು ಪಿನ್ ನೇರವಾಗಿ ಜೋಡಿಸುವ ತುಂಡು ವೈರ್) ಐಡಿಯಾ. ಹೇಳಿದವರಿಗೆ ಥ್ಯಾಂಕ್ಸ್! ನನ್ನದು ಎರಡು ಪಿನ್ನಿನ ಸೆನ್ಸರ್. ಕನೆಕ್ಟರ್ ಕಳಚಿ, ವೈರಿಂಗ್ ಕಡೆಯ ಎರಡೂ ಪಿನ್‌ ಸೇರಿಸಿದೆ. ವೈರಿಂಗ್ ಸರಿಯಿದ್ದರೆ ರೀಡಿಂಗ್ ಒಮ್ಮೆಲೇ 100 ದಾಟಬೇಕು. ಅದು ಮೈನಸ್ 40 ಬಿಟ್ಟು ಅಲ್ಲಾಡಲಿಲ್ಲ. ಅಲ್ಲಿಗೆ ಸೆನ್ಸರ್ ಮೇಲಿನ ಅನುಮಾನ ಹೋಯಿತು. ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರಸ್ತೆಗೆ ಹೋಗಿ ಸುಮ್ನೆ ಹೊಸದು ತರೋದೂ ತಪ್ಪಿತು.

ಮಲ್ಟಿಮೀಟರ್ ಹಿಡಿದಾಗ ಒಂದು ಪಿನ್‌ನಲ್ಲಿ 5 ವೋಲ್ಟ್ ಬಂತು, ಗ್ರೌಂಡ್ ಪಿನ್‌ನಲ್ಲಿ ಸಂಪರ್ಕವೇ ಇಲ್ಲ. ಏರ್ ಫಿಲ್ಟರ್ ಡಬ್ಬಿಯ ಹಿಂದೆ ಟೇಪ್ ಬಿಚ್ಚಿದರೆ ಇಲಿ ಕಡಿದ ವೈರ್! ತಾಮ್ರದ ಎಳೆಗಳು ಹಸಿರುಗಟ್ಟಿದ್ದವು. ಎಲೆಕ್ಟ್ರಿಷಿಯನ್ ಹೊಸ ತುಂಡು ಬೆಸುಗೆ ಹಾಕಿ, ಮೇಲೆ ಸ್ಲೀವ್ ಹಾಕಿಕೊಟ್ಟರು.

ನನಗೆ ಆಶ್ಚರ್ಯ ಆಗಿದ್ದು ಒಂದೇ. ಈ ಸೆನ್ಸರ್‌ನಲ್ಲಿ ಚಳಿ ಜಾಸ್ತಿಯಾದಷ್ಟೂ ರೆಸಿಸ್ಟೆನ್ಸ್ ಜಾಸ್ತಿಯಂತೆ. ಹಾಗಾಗಿ ವೈರ್ ತುಂಡಾದರೆ ಕಂಪ್ಯೂಟರ್‌ಗೆ ಅದು ಭಯಂಕರ ಚಳಿ! ಈಗ ಬೆಳಗ್ಗೆ 24, ಟ್ರಾಫಿಕ್‌ನಲ್ಲಿ ನಿಂತರೆ 45ರ ಆಸುಪಾಸು ತೋರಿಸುತ್ತಿದೆ.