ಮನೆಯ ನೆಟ್‌ವರ್ಕ್ ಡ್ರೈವ್: ತಂಗಿಯನ್ನು ಒಳಗೆ ಬಿಡುತ್ತಿಲ್ಲ, ಅಪ್ಪನ ಲೆಕ್ಕ ಸೇವ್ ಆಗುತ್ತಿಲ್ಲ

ತೋಟದಮನೆ (ಸಕಲೇಶಪುರ):
ಎಲ್ಲರಿಗೂ ನಮಸ್ಕಾರ. ರಾಸ್ಪ್‌ಬೆರಿ ಪೈ 4 ಎಂಬ ಸಣ್ಣ ಲಿನಕ್ಸ್ ಕಂಪ್ಯೂಟರ್‌ಗೆ 4 ಟಿಬಿ ಹಾರ್ಡ್ ಡಿಸ್ಕ್ ಸೇರಿಸಿ, ಅದನ್ನು ಮನೆಯ ನೆಟ್‌ವರ್ಕ್‌ನಲ್ಲಿ ಹಂಚಲು ಸಾಂಬಾ ಎಂಬ ತಂತ್ರಾಂಶ ಹಾಕಿದ್ದೇನೆ. ಡಿಸ್ಕ್ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ). ಅಪ್ಪ, ತಂಗಿ, ನಾನು, ಮೂವರಿಗೂ ಬೇರೆ ಬೇರೆ ಅಕೌಂಟ್ ಇದೆ. ‘ತೋಟದ ಲೆಕ್ಕ’ ಫೋಲ್ಡರ್‌ನಲ್ಲಿ ಅಪ್ಪ, ತಂಗಿ ಇಬ್ಬರೂ ಬರೆಯಬೇಕು. ತಂಗಿಯ ಫೋಲ್ಡರ್ ಅವಳಿಗೆ ಮಾತ್ರ.

ಹಾಲ್‌ನಲ್ಲಿರುವ ವಿಂಡೋಸ್ 11 ಲ್ಯಾಪ್‌ಟಾಪನ್ನು ಎಲ್ಲರೂ ಒಂದೇ ಲಾಗಿನ್‌ನಲ್ಲಿ ಬಳಸುತ್ತೇವೆ. ಅಪ್ಪ ಲೆಕ್ಕ ತೆರೆದಿದ್ದ ಮೇಲೆ ತಂಗಿ ತನ್ನ ಫೋಲ್ಡರ್ ಒತ್ತಿದರೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಸರಿಯಾಗಿ ಹಾಕಿದರೂ, ಒಂದೇ ಸರ್ವರ್‌ಗೆ ಎರಡು ಹೆಸರಲ್ಲಿ ಹೋಗುವಂತಿಲ್ಲ ಎಂಬ ಅರ್ಥದ ಎರರ್ ಬರುತ್ತದೆ. ಅದೇ ಪಾಸ್‌ವರ್ಡ್ ಅವಳ ಮೊಬೈಲಿನಲ್ಲಿ ಕೆಲಸ ಮಾಡುತ್ತದೆ.

ಇನ್ನೊಂದು ತೊಂದರೆ. ತಂಗಿ ಬಟವಾಡೆ ಶೀಟ್ ಹಾಕಿದರೆ ಅಪ್ಪನಿಗೆ ತೆರೆಯುತ್ತದೆ, ಆದರೆ ತಿದ್ದಿದ್ದು ಸೇವ್ ಆಗುವುದಿಲ್ಲ. ಕೊಯ್ಲು ನಡೆಯುತ್ತಿದೆ, ಶನಿವಾರ ಬಟವಾಡೆ. ಅಷ್ಟರೊಳಗೆ ಸರಿ ಆಗಬೇಕು. ಯಾರಾದರೂ ದಾರಿ ಹೇಳಿ.

ಅರಸೀಕೆರೆಕಾಯಿ:
ಎಲ್ಲ ಫೋಲ್ಡರ್‌ಗೂ 777 (ಯಾರು ಬೇಕಾದರೂ ಓದಿ ಬರೆಯುವ ಅನುಮತಿ) ಕೊಟ್ಟು, ಪಾಸ್‌ವರ್ಡ್ ಇಲ್ಲದೆ ಬರುವ ಗೆಸ್ಟ್ ದಾರಿ ಓಪನ್ ಮಾಡಿಬಿಡಿ ಸರ್. ಪಾಸ್‌ವರ್ಡ್ ಗೋಜೇ ಇರುವುದಿಲ್ಲ. ನಮ್ಮ ಮನೆಯಲ್ಲಿ ಹಾಗೇ ನಡೆಯುತ್ತಿದೆ.

ಕಾಫಿಹೂ (ಮೂಡಿಗೆರೆ):
ದಯವಿಟ್ಟು 777 ಕೊಡಬೇಡಿ. ತಂಗಿಯ ಫೋಲ್ಡರ್ ಅವಳಿಗೆ ಮಾತ್ರ ಎಂದು ನೀವೇ ಬರೆದಿದ್ದೀರಿ. ಅವಳ ಮಾರ್ಕ್ಸ್ ಕಾರ್ಡು, ಫೋಟೋ ಎಲ್ಲ ಅಲ್ಲಿರುತ್ತದೆ ಅಲ್ವಾ? ಮನೆಯವರೇ ಆದರೂ ಅವಳ ಜಾಗ ಅವಳಿಗೆ ಇರಲಿ. ಅಲ್ಲದೆ 2024ರ 24ಎಚ್2 ಅಪ್‌ಡೇಟ್ ಆದ ವಿಂಡೋಸ್ 11 ಪ್ರೊದಲ್ಲಿ ಗೆಸ್ಟ್ ಆಗಿ ಹೋಗುವುದು ಮೊದಲಿಂದಲೇ ಬಂದ್ ಆಗಿರುತ್ತದೆ.

ನಿಮ್ಮ ಎರಡು ತೊಂದರೆಗೆ ಕಾರಣ ಬೇರೆ ಬೇರೆ. ಮೊದಲನೆಯದು ಲ್ಯಾಪ್‌ಟಾಪಿನದು, ಪೈ ಕಡೆ ಏನೂ ತಪ್ಪಿಲ್ಲ. ಒಂದು ವಿಂಡೋಸ್ ಲಾಗಿನ್‌ನಿಂದ ಒಂದು ಸರ್ವರ್‌ಗೆ ಒಂದು ಹೊತ್ತಿಗೆ ಒಂದೇ ಹೆಸರಲ್ಲಿ ಹೋಗಬಹುದು. ಫೋಲ್ಡರ್ ಬೇರೆಯಾದರೂ ಸರ್ವರ್, ಅಂದರೆ ನಿಮ್ಮ ಪೈ, ಒಂದೇ ತಾನೆ. ಅಪ್ಪನ ಹೆಸರಲ್ಲಿ ಬಾಗಿಲು ತೆರೆದಿದೆ, ಅದು ಮುಚ್ಚುವ ತನಕ ತಂಗಿಗೆ ದಾರಿ ಇಲ್ಲ. ಆದ್ದರಿಂದ ಲ್ಯಾಪ್‌ಟಾಪಿನಲ್ಲೇ ಮೂವರಿಗೂ ಬೇರೆ ಬೇರೆ ವಿಂಡೋಸ್ ಲಾಗಿನ್ ಮಾಡಿ. ಪಾಸ್‌ವರ್ಡನ್ನು ಅವರವರ ಲಾಗಿನ್ ಒಳಗೇ ಸೇವ್ ಮಾಡಿಸಿ. ಈಗಿರುವ ಲಾಗಿನ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಕ್ರೆಡೆನ್ಷಿಯಲ್ ಮ್ಯಾನೇಜರ್, ವಿಂಡೋಸ್ ಕ್ರೆಡೆನ್ಷಿಯಲ್ಸ್ ತೆರೆದು ಪೈ ಹೆಸರಲ್ಲಿರುವುದನ್ನು ತೆಗೆದುಹಾಕಿ.

ಎರಡನೆಯದು ಪೈ ಕಡೆಯದು. ಸಾಂಬಾದಲ್ಲಿ ನೀವು ಏನೂ ಹೇಳದಿದ್ದರೆ ಕ್ರಿಯೇಟ್ ಮಾಸ್ಕ್ (ಹೊಸ ಫೈಲ್‌ನಲ್ಲಿ ಯಾರಿಗೆ ಎಷ್ಟು ಅನುಮತಿ ಎಂಬ ಸೆಟ್ಟಿಂಗ್) 0744 ಇರುತ್ತದೆ. ಅಂದರೆ ಫೈಲ್ ಹಾಕಿದವರು ಮಾತ್ರ ಬರೆಯಬಹುದು, ಉಳಿದವರು ಸುಮ್ನೆ ಓದಬಹುದು. ಅಪ್ಪನಿಗೆ ಆಗುತ್ತಿರುವುದು ಅದೇ. ಲಿನಕ್ಸ್‌ನಲ್ಲಿ ‘ಲೆಕ್ಕ’ ಎಂಬ ಗ್ರೂಪ್ ಮಾಡಿ ಅಪ್ಪನನ್ನೂ ತಂಗಿಯನ್ನೂ ಸೇರಿಸಿ. ಸಾಂಬಾದ ಸೆಟ್ಟಿಂಗ್ ಫೈಲ್‌ನಲ್ಲಿ (ಕಾನ್ಫಿಗ್) ಆ ಹಂಚಿದ ಫೋಲ್ಡರ್‌ನ (ಶೇರ್) ಕೆಳಗೆ ವ್ಯಾಲಿಡ್ ಯೂಸರ್ಸ್‌ನಲ್ಲಿ ಈ ಗ್ರೂಪ್, ಫೋರ್ಸ್ ಗ್ರೂಪ್‌ನಲ್ಲೂ ಇದೇ, ಕ್ರಿಯೇಟ್ ಮಾಸ್ಕ್ 0660, ಡೈರೆಕ್ಟರಿ ಮಾಸ್ಕ್ 0770 ಎಂದು ಬರೆದು ಸಾಂಬಾ ರೀಸ್ಟಾರ್ಟ್ ಮಾಡಿ.

ಇದು ಹೊಸ ಫೈಲ್‌ಗಳಿಗೆ ಮಾತ್ರ. ಈಗಾಗಲೇ ಇರುವುದನ್ನು ನೀವೇ ಗ್ರೂಪ್ ಬದಲಿಸಿ, ಫೋಲ್ಡರ್‌ಗಳಿಗೆ 770, ಫೈಲ್‌ಗಳಿಗೆ 660 ಕೊಡಬೇಕು. ಒಟ್ಟಿಗೆ ಎಲ್ಲದಕ್ಕೂ 660 ಕೊಟ್ಟರೆ ಫೋಲ್ಡರ್ ಒಳಗೆ ಹೋಗುವುದಕ್ಕೇ ಆಗುವುದಿಲ್ಲ, ಹುಷಾರು. ಮೊದಲು ಲೆಕ್ಕವನ್ನು ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಂಡೇ ಕೈ ಹಾಕಿ.

ತೋಟದಮನೆ:
ತುಂಬಾ ಉಪಕಾರವಾಯಿತು ಮೇಡಂ. ಬಟವಾಡೆ ಶೀಟ್ ಸರಿ ಹೋಯಿತು, ಅಪ್ಪ ಈಗ ಸೇವ್ ಮಾಡುತ್ತಿದ್ದಾರೆ. ಆದರೆ ಹಳೆ ಲಾಗಿನ್‌ನಲ್ಲಿ ಕ್ರೆಡೆನ್ಷಿಯಲ್ ತೆಗೆದರೂ ಅದೇ ಎರರ್. ಹೊಸ ಲಾಗಿನ್ ಮಾಡಿಕೊಟ್ಟರೆ ಅಪ್ಪನ ಪಾಸ್‌ವರ್ಡ್ ತಪ್ಪು ಎನ್ನುತ್ತದೆ.

ಕಾಫಿಹೂ:
ಸೇವ್ ಆದ ಪಾಸ್‌ವರ್ಡ್ ತೆಗೆದರೂ, ಆಗಲೇ ತೆರೆದಿರುವ ಸಂಪರ್ಕ ಹಾಗೇ ಉಳಿದಿರುತ್ತದೆ. ಒಮ್ಮೆ ಸೈನ್ ಔಟ್ ಮಾಡಿ ಬನ್ನಿ. ಪರದೆ ಲಾಕ್ ಮಾಡಿದರೆ ಸಾಲದು.

ಅಪ್ಪ ಏನು ಟೈಪ್ ಮಾಡುತ್ತಿದ್ದಾರೆ, ಪಕ್ಕದಲ್ಲಿ ಕೂತು ನೋಡಿ. ಲ್ಯಾಪ್‌ಟಾಪ್ ತೆರೆಯುವ ಪಿನ್ ಹಾಕುತ್ತಿರಬಹುದು. ಆ ಪಿನ್ ಲ್ಯಾಪ್‌ಟಾಪಿಗೆ ಮಾತ್ರ. ಇಲ್ಲಿ ಬೇಕಿರುವುದು ನೀವು ಸಾಂಬಾದಲ್ಲಿ ಕೊಟ್ಟ ಪಾಸ್‌ವರ್ಡ್. ಅದು ಪೈನ ಲಿನಕ್ಸ್ ಪಾಸ್‌ವರ್ಡೂ ಅಲ್ಲ. ಎರಡನ್ನೂ ಬೇರೆ ಬೇರೆಯಾಗಿ ಇಡಬೇಕಾಗುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಬರೆಯುವಾಗ ಕರೆಂಟು ಹೋದರೆ ಫೈಲ್ ಕೆಡಬಹುದು. ಪೈ, ಡಿಸ್ಕ್, ರೂಟರ್ ಮೂರನ್ನೂ ಒಂದು ಸಣ್ಣ ಯುಪಿಎಸ್‌ಗೆ ಹಾಕಿ. ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಜೊತೆ ನೆಟ್‌ವರ್ಕ್ ಕೇಬಲ್ಲನ್ನೂ ಕಿತ್ತಿಡಿ. ಎರಡು ವರ್ಷದ ಹಿಂದೆ ಸಿಡಿಲಿಗೆ ನಮ್ಮ ಡಿಸ್ಕ್ ಹೋಯಿತು. ಅಮ್ಮನ ಹಳೆಯ ಫೋಟೋಗಳು ಅದರಲ್ಲೇ ಇದ್ದವು, ಬೇರೆ ಕಾಪಿ ಇರಲಿಲ್ಲ.

ತೋಟದಮನೆ:
ಪಿನ್ನೇ ಹಾಕುತ್ತಿದ್ದರು. ಸರಿಯಾದ ಪಾಸ್‌ವರ್ಡ್ ಹಾಕಿದ ಕೂಡಲೇ ತೆರೆಯಿತು. ಸೈನ್ ಔಟ್ ಮಾಡಿ ಬಂದ ಮೇಲೆ ತಂಗಿಯದೂ ತೆರೆದಿದೆ. ಅಪ್ಪನ ಲಾಗಿನ್‌ನಿಂದ ಅವಳ ಫೋಲ್ಡರ್ ತೆರೆಯುವುದಿಲ್ಲ ಎಂದು ಅವಳೇ ಪರೀಕ್ಷೆ ಮಾಡಿಕೊಂಡಳು.

ನಿಮ್ಮ ಅಮ್ಮನ ಫೋಟೋ ವಿಷಯ ಓದಿ ಬೇಜಾರಾಯಿತು ಮೇಡಂ. ಭಾನುವಾರ ಇನ್ನೊಂದು ಡಿಸ್ಕ್‌ಗೆ ಎಲ್ಲ ಕಾಪಿ ಮಾಡಿ ಹಾಸನದಲ್ಲಿ ಅತ್ತೆಯ ಮನೆಯಲ್ಲಿ ಇಟ್ಟು ಬರುತ್ತೇನೆ.