ಹಳೇ ಮಣ್ಣಿನ ಮನೆ, ಉಪ್ಪರಿಗೆಗೆ ವೈಫೈ ಹತ್ತುತ್ತಿಲ್ಲ. ರಿಪೀಟರ್ ತಂದರೂ ಅಷ್ಟೇ

ಹೊಳೆಬದಿ:
ಶಿರಸಿ ಕಡೆಯ ಹಳ್ಳಿ, ಅಜ್ಜನ ಕಾಲದ ಮನೆ. ಗೋಡೆ ಒಂದೂವರೆ ಅಡಿ ದಪ್ಪ. ಕೆಳಗೆ ಚಿರೇಕಲ್ಲು, ಮೇಲೆ ಮಣ್ಣು. ಫೈಬರ್ ಎಳೆಯಲು ಬಂದ ಹುಡುಗ ವೈರ್ ಎಲ್ಲಿಗೆ ಮುಟ್ಟಿತೋ ಅಲ್ಲೇ, ಅಂದರೆ ಜಗಲಿ ಮೂಲೆಯಲ್ಲಿ ಟಿವಿ ಹಿಂದೆ, ಎರಡು ಮೊಳೆ ಹೊಡೆದು ಬಾಕ್ಸ್ ನೇತುಹಾಕಿ ಹೋದ. ನಾನು ಕೂತು ಕೆಲಸ ಮಾಡೋದು ಹಿತ್ತಲ ಕಡೆಯ ಉಪ್ಪರಿಗೆಯಲ್ಲಿ. ಪ್ಲಾನ್ 100 ಎಂಬಿಪಿಎಸ್. ಜಗಲಿಯಲ್ಲಿ 90ರ ಮೇಲೆ ಬರುತ್ತದೆ, ಉಪ್ಪರಿಗೆಯಲ್ಲಿ 4 ಅಥವಾ 5.

ರಿಪೀಟರ್ ತಂದು ನನ್ನ ಮೇಜಿನ ಪಕ್ಕದ ಪ್ಲಗ್ಗಿಗೇ ಸಿಕ್ಕಿಸಿದೆ. ಫೋನಿನಲ್ಲಿ ಕಡ್ಡಿ ಎಲ್ಲಾ ಫುಲ್, ಸ್ಪೀಡ್ ಮಾತ್ರ 3! ಮೊದಲಿಗಿಂತ ಕಡಿಮೆ. ಇನ್ನೊಂದು ಕಾಟ ಏನೆಂದರೆ ದಿನಾ ಬೆಳಗ್ಗೆ ಹತ್ತರ ಸುಮಾರಿಗೆ, ಕೆಲವು ಸಲ ಸಂಜೆಯೂ, ಮೀಟಿಂಗ್ ಮಧ್ಯದಲ್ಲೇ ಎರಡು ನಿಮಿಷ ಎಲ್ಲಾ ನಿಂತುಹೋಗುತ್ತದೆ. ಆಮೇಲೆ ತಾನಾಗೇ ಬರುತ್ತದೆ. ಕಸ್ಟಮರ್ ಕೇರ್‌ನವರು ನಮ್ಮ ಕಡೆ ಎಲ್ಲಾ ಸರಿ ಇದೆ ಅಂತಾರೆ. ಮೂರು ಡಬ್ಬಿಯ ಮೆಶ್ ಸೆಟ್ (ಡಬ್ಬಿಗಳೆಲ್ಲಾ ಸೇರಿ ಮನೆಗೆ ಒಂದೇ ವೈಫೈ ಹರಡೋದು) ತೊಗೊಂಡರೆ ಸರಿ ಹೋಗುತ್ತಾ? ದುಡ್ಡು ಹಾಕಿ ಮತ್ತೆ ಮೋಸ ಹೋಗೋಕೆ ಮನಸ್ಸಿಲ್ಲ.

ತಂತಿಗಂಟು:
ಮೆಶ್ ಸದ್ಯಕ್ಕೆ ಬೇಡ. ನಿಮ್ಮದು ಎರಡು ಬೇರೆ ಬೇರೆ ರೋಗ, ಒಂದೇ ಮಾತ್ರೆ ಹುಡುಕ್ತಿದ್ದೀರಿ.

ಮೊದಲು ರಿಪೀಟರ್ ವಿಷಯ. ಅದು ತಾನು ಕೇಳಿಸಿಕೊಂಡಿದ್ದನ್ನು ಮತ್ತೆ ಕೂಗಿ ಹೇಳುತ್ತದೆ, ಅಷ್ಟೇ. ಉಪ್ಪರಿಗೆಗೆ ಸಿಗ್ನಲ್ಲೇ ಬರಲ್ಲ ಅಂದಮೇಲೆ ಅಲ್ಲಿಟ್ಟರೆ ಅದಕ್ಕೂ ಕೇಳಿಸೋದಿಲ್ಲ. ನೀವು ನೋಡಿದ ಫುಲ್ ಕಡ್ಡಿ ಫೋನಿಗೂ ರಿಪೀಟರಿಗೂ ನಡುವಿನದು, ಜಗಲಿಯದ್ದಲ್ಲ. ನಡುಮನೆಯಲ್ಲಿಟ್ಟರೆ ಸ್ವಲ್ಪ ಸುಧಾರಿಸಬಹುದು. ಆದರೆ ಅಗ್ಗದ ರಿಪೀಟರ್ ಒಂದೇ ಬಾಯಲ್ಲಿ ಕೇಳಬೇಕು, ಹೇಳಬೇಕು, ಹಾಗಾಗಿ ಅಲ್ಲೇ ಅರ್ಧ ಸ್ಪೀಡ್ ಹೋಯ್ತು. ವೈರ್ ಇಲ್ಲದೆ ಇಟ್ಟರೆ ಮೆಶ್ಶಿಗೂ ಆ ಗೋಡೆಗಳೇ ಅಡ್ಡ. ವೈಫೈ ತರಂಗದಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆ. 5 ಅಂತೂ ಅಂಥ ಎರಡು ಗೋಡೆ ದಾಟೋದು ಕಷ್ಟ, 2.4 ಹೇಗೋ ತೆವಳಿಕೊಂಡು ಬರುತ್ತದೆ.

ಕೇಬಲ್ ಎಳೆಯಿರಿ ಮಾರಾಯ್ರೆ. ಹಳೇ ಮನೆಯಲ್ಲಿ ಅದು ಸುಲಭ, ಗೋಡೆ ಕೊರೆಯೋದೇ ಬೇಡ, ಅಟ್ಟದ ಮೇಲೆ ತೊಲೆಗುಂಟ ತಂದರೆ ಆಯ್ತು. ಅಂಗಡಿಯಲ್ಲಿ ಕ್ಯಾಟ್ 6 ಅನ್ನೋ ನೆಟ್‌ವರ್ಕ್ ಕೇಬಲ್ ಕೇಳಿ. ಪೂರ್ತಿ ತಾಮ್ರದ್ದೇ ಬೇಕು ಅನ್ನಿ, ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದು ಅಗ್ಗಕ್ಕೆ ಸಿಗುತ್ತೆ, ಅದು ಬೇಡ. 100 ಮೀಟರ್ ತನಕ ಚಿಂತೆ ಇಲ್ಲ. ಆ ಕಡೆ ತುದಿಗೆ ಹಳೇ ರೂಟರ್ ಇದ್ದರೆ ಸಾಕು. ಅದರ ಸೆಟ್ಟಿಂಗಿನಲ್ಲಿ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪಿಗೆ ಐಪಿ ವಿಳಾಸ ಹಂಚೋ ಕೆಲಸ) ಆಫ್ ಮಾಡಿ, ಅದರ ಸ್ವಂತ ಐಪಿ ವಿಳಾಸ ಜಗಲಿ ಬಾಕ್ಸಿನದ್ದೇ ಆಗದ ಹಾಗೆ ಬದಲಿಸಿ (ಬಾಕ್ಸ್ 192.168.1.1 ಆಗಿದ್ದರೆ ಇದು 192.168.1.2), ಕೇಬಲ್ ಎರಡೂ ಕಡೆ ಲ್ಯಾನ್ (LAN) ಅಂತ ಬರೆದ ತೂತಿಗೇ ಹಾಕಿ, ವ್ಯಾನ್ (WAN) ಅಂತ ಬರೆದದ್ದಕ್ಕೆ ಅಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಬಾಕ್ಸಿನಲ್ಲಿ ಇದ್ದದ್ದೇ ಈ ರೂಟರಿಗೂ ಇಡಿ. ಒಂದಕ್ಕೊಂದು ಅಡ್ಡ ಬಾರದ ಹಾಗೆ 2.4ರಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 11. ಮತ್ತೆ ಆ ಬಾಕ್ಸನ್ನು ಟಿವಿ ಹಿಂದಿನಿಂದ ತೆಗೆಯಿರಿ, ದಮ್ಮಯ್ಯ.

ಕತ್ತಲೆಕಾನು:
ಎರಡನೇ ರೋಗಕ್ಕೆ ನಾನು ಬಂದೆ. ಹತ್ತು ಗಂಟೆಗೆ ನಿಮ್ಮನೆಯಲ್ಲಿ ಯಾರು ಏನು ಆನ್ ಮಾಡ್ತಾರೆ?

ಸುಮ್ನೆ ಕೇಳ್ತಿಲ್ಲ. ಮುಂದಿನ ಸಲ ನಿಂತಾಗ ಲ್ಯಾಪ್‌ಟಾಪ್ ಬಿಟ್ಟು ಓಡಿ ಹೋಗಿ ಬಾಕ್ಸಿನ ದೀಪ ನೋಡಿ. ಪಾನ್ (PON) ಅಂತ ಬರೆದ ದೀಪ ಮಿಟುಕದೆ ಉರೀತಿದ್ದರೆ ಫೈಬರ್ ಸರಿ ಇದೆ, ತೊಂದರೆ ವೈಫೈದು ಅಥವಾ ಅವರ ಕಡೆ ಇನ್ನೂ ಮೇಲಿನದು. ಲಾಸ್ (LOS) ಅನ್ನೋದು ಕೆಂಪಾದರೆ ಬೆಳಕೇ ಬರ್ತಿಲ್ಲ, ವೈರ್ ಎಲ್ಲೋ ಮಡಚಿದೆ ಅಥವಾ ತುಂಡಾಗಿದೆ. ಎಲ್ಲಾ ದೀಪ ಒಟ್ಟಿಗೆ ಆರಿ ಮತ್ತೆ ಒಂದೊಂದೇ ಹತ್ತಿಕೊಂಡರೆ ಅದು ಕರೆಂಟಿನ ಕತೆ. ನಮ್ಮಲ್ಲಿ ಬಾವಿ ಪಂಪ್ ಶುರು ಮಾಡಿದಾಗ ಬಲ್ಬ್ ಒಮ್ಮೆ ಮಂಕಾಗಿ ಸರಿ ಆಗ್ತಿತ್ತು. ಬಲ್ಬಿಗೆ ಅದು ಅರೆ ಕ್ಷಣ, ಬಾಕ್ಸಿಗೆ ಮಾತ್ರ ಪೂರ್ತಿ ರೀಸ್ಟಾರ್ಟ್. ಮತ್ತೆ ಏಳೋಕೆ ಎರಡು ನಿಮಿಷ ಬೇಕು. ನಿಮ್ಮ ಎರಡು ನಿಮಿಷ ಓದಿದ ಕೂಡಲೇ ನನಗೆ ಅದೇ ನೆನಪಾಯ್ತು.

ಪೇಟೆಮಂದಿ:
ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್, ಕತೆ ಪೂರ್ತಿ ಉಲ್ಟಾ. ಇಲ್ಲಿ 2.4ರಲ್ಲಿ ಅಕ್ಕಪಕ್ಕದ ಮೂವತ್ತು ಮನೆ ವೈಫೈ ಕಾಣುತ್ತೆ, ಎಲ್ಲರೂ ಒಟ್ಟಿಗೆ ಮಾತಾಡೋ ಮದುವೆ ಮನೆ ಥರ. 5ಕ್ಕೆ ಬದಲಿಸಿದ ಮೇಲೆ ನೆಮ್ಮದಿ. ಇದನ್ನು ಓದಿ ಫ್ಲಾಟಿನವರು 2.4ಕ್ಕೆ ಹೋಗಬೇಡಿ ಅಂತ ಹೇಳೋಕೆ ಬಂದೆ.

ಹೊಳೆಬದಿ:
ಕತ್ತಲೆಕಾನು ಅವರೇ, ಕೈ ಕೊಡಿ! ಇವತ್ತು 10.10ಕ್ಕೆ ನಿಂತಿತು, ಓಡಿದೆ. ಎಲ್ಲಾ ದೀಪ ಆರಿ ಮೊದಲಿಂದ ಶುರು ಆಗ್ತಿತ್ತು. ಹಿತ್ತಲಲ್ಲಿ ಪಂಪಿನ ಸದ್ದು. ಅಮ್ಮ ಟ್ಯಾಂಕ್ ತುಂಬಿಸೋ ಹೊತ್ತು ಅದು. ಆರು ತಿಂಗಳಿಂದ ನಾನು ಕಂಪನಿಯವರಿಗೆ ಬೈತಿದ್ದೆ.

ಪಂಪಿನ ಹೊತ್ತು ಬದಲಿಸಬಹುದಾ ಅಂತ ಕೇಳಿದ್ದಕ್ಕೆ ಮೀಟಿಂಗ್ ಹೊತ್ತು ಬದಲಿಸು ಅಂದರು.

ಕತ್ತಲೆಕಾನು:
ಅಮ್ಮ ಹೇಳಿದ್ದೇ ಸರಿ. ರೂಟರಿಗೆ ಅಂತಲೇ ಮಿನಿ ಯುಪಿಎಸ್ ಸಿಗುತ್ತೆ, ಪಂಪೂ ನಡೆಯಲಿ, ಮೀಟಿಂಗೂ ನಡೆಯಲಿ. ಕೊಳ್ಳುವ ಮೊದಲು ಬಾಕ್ಸಿನ ಅಡಾಪ್ಟರ್ ಮೇಲಿನ ಚೀಟಿ ಓದಿ. ಹೆಚ್ಚಾಗಿ 12 ವೋಲ್ಟ್ ಇರುತ್ತೆ, ಕೆಲವು 9 ಅಥವಾ 5. ವೋಲ್ಟ್ ಅದೇ ಇರಬೇಕು, ಆಂಪ್ ಅಷ್ಟೇ ಅಥವಾ ಜಾಸ್ತಿ ಇರಲಿ. ಪಿನ್ನೂ ಕೂರುತ್ತಾ ನೋಡಿ.

ಸಿಡ್ಲುಮರ:
ಕೇಬಲ್ ಎಳೆಯುವವರಿಗೆ ಒಂದು ಮಾತು. ಮನೆ ಒಳಗೇ ಎಳೆಯಿರಿ. ನಾನು ಮನೆಯಿಂದ ಕೊಟ್ಟಿಗೆಯ ಕ್ಯಾಮೆರಾಕ್ಕೆ ಅಂಗಳದ ಮೇಲೆ ಕ್ಯಾಟ್ 6 ಎಳೆದಿದ್ದೆ. ಮೇ ತಿಂಗಳಲ್ಲಿ ಒಂದು ಸಂಜೆ ಸಿಡಿಲು ಹೊಡೆದದ್ದು ನಮಗಲ್ಲ, ಆಚೆ ತೋಟದ ತೆಂಗಿನ ಮರಕ್ಕೆ. ಪ್ಲಗ್ ಎಲ್ಲಾ ಕಿತ್ತಿಟ್ಟಿದ್ದೆ. ಆದರೂ ಎರಡೂ ಕಡೆಯ ಲ್ಯಾನ್ ತೂತು ಸತ್ತುಹೋಗಿತ್ತು, ಮೂಗಿಗೆ ಸುಟ್ಟ ವಾಸನೆ. ಬಯಲಲ್ಲಿರೋ ಉದ್ದ ತಾಮ್ರಕ್ಕೆ ಹತ್ತಿರದ ಸಿಡಿಲೂ ಸಾಕು. ಈಗ ಅಲ್ಲಿಗೆ ಲೋಹದ ತಂತಿ ಇಲ್ಲದ ಫೈಬರ್, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ಕೇಬಲ್ಲಿಗೆ ಒಗ್ಗಿಸೋ ಡಬ್ಬಿ). ಗಾಜಿಗೆ ಕರೆಂಟ್ ಹತ್ತಲ್ಲ. ಗುಡುಗಿದಾಗ ಪ್ಲಗ್ ಜೊತೆ ಕೇಬಲ್ಲನ್ನೂ ಕಿತ್ತಿಡಿ.

ಹೊಳೆಬದಿ:
ಹತ್ತು ದಿನ ಆದಮೇಲೆ ಬರೀತಿದ್ದೇನೆ. ಅಟ್ಟದ ಮೇಲೆ 28 ಮೀಟರ್ ಕೇಬಲ್, ಇಲಿ ಕಡಿಯದ ಹಾಗೆ ಪೈಪಿನೊಳಗೆ ಹಾಕಿದೆ. ಯುಪಿಎಸ್ ಬಂತು, ಹತ್ತು ಗಂಟೆಗೆ ಈಗ ಪಂಪಿನ ಸದ್ದು ಮಾತ್ರ. ಉಪ್ಪರಿಗೆಯಲ್ಲಿ ಸ್ಪೀಡ್ ಸರಿಯಾಗಿ 94. ಈ ಖುಷಿಯಲ್ಲಿ ಪ್ಲಾನ್ 300ಕ್ಕೆ ಏರಿಸಿದೆ, ಆದರೂ 94ರ ಮೇಲೆ ಹೋಗ್ತಿಲ್ಲ. ಜಗಲಿಯಲ್ಲಿ 280 ಬರ್ತಿದೆ. ಕೇಬಲ್ ಕೆಟ್ಟದ್ದಾ?

ತಂತಿಗಂಟು:
ಕೇಬಲ್ ಮೇಲೆ ನನಗೆ ಅನುಮಾನ ಇಲ್ಲ. ಹಳೇ ರೂಟರಿನ ಲ್ಯಾನ್ ತೂತು 100 ಎಂಬಿಪಿಎಸ್‌ನದು ಇರಬೇಕು, ಅದರಲ್ಲಿ 94ಕ್ಕಿಂತ ಜಾಸ್ತಿ ಬರಲ್ಲ. ಗಿಗಾಬಿಟ್ (1000 ಎಂಬಿಪಿಎಸ್) ತೂತಿನ ರೂಟರ್ ತಂದು ಹಾಕಿ. ಇಲ್ಲಾಂದ್ರೆ ಪ್ಲಾನ್ ಇಳಿಸಿ, ಮೀಟಿಂಗಿಗೆ 94 ಸಾಲಲ್ವಾ? ಅಂದ ಹಾಗೆ, ಬಾಕ್ಸ್ ಟಿವಿ ಹಿಂದಿನಿಂದ ತೆಗೆದಿರಾ?

ಹೊಳೆಬದಿ:
ಇಲ್ಲ.