ಪಿಆರ್ ಏಜೆನ್ಸಿ ಕೆಲಸಕ್ಕ ಸೇರ್ಬೇಕೋ ಬ್ಯಾಡೋ?

ಕೊಪ್ಪಳದಾಕಿ: ಜರ್ನಲಿಸಂ ಎಂಎ ಮುಗಿಸೀನಿ, ಬೆಂಗಳೂರಿನ ಒಂದು ಪಿಆರ್ ಏಜೆನ್ಸಿಯಿಂದ (ಕಂಪನಿಗಳ ಪರವಾಗಿ ಪೇಪರ್, ಟಿವಿಯವ್ರಿಗೆ ಸುದ್ದಿ ಮುಟ್ಟಸೋ ಸಂಸ್ಥೆ) ಆಫರ್ ಬಂದೈತಿ, ಮನ್ಯಾಗ ಪೇಪರ್ ಕೆಲಸಾನೇ ಚಲೋ ಅಂತಾರ. ದಿನಾ ಏನ್ ಕೆಲಸ ಇರ್ತೈತ್ರೀ ಅಲ್ಲಿ?

ಬಳ್ಳಾರಿ ಬಿಸಿಲು: ಮುಂಜಾನೆ ಎದ್ದಕೂಡ್ಲೆ ಎಲ್ಲಾ ಪೇಪರ್ ತಿರುವಿ ಕ್ಲೈಂಟ್ ಹೆಸರು ಎಲ್ಲೆಲ್ಲಿ ಬಂದೈತಿ ಅಂತ ಟ್ರ್ಯಾಕರ್ ಕಳಸೋದು, ಆಮ್ಯಾಲ ಪ್ರೆಸ್ ನೋಟ್, ಆಮ್ಯಾಲ ರಿಪೋರ್ಟರ್‌ಗಳಿಗೆ ಫೋನು. ನಿಮ್ಮ ಕನ್ನಡಕ್ಕ ಅಲ್ಲಿ ಭಾಳ ಬೆಲೆ ಐತಿ. ಈಗ ಎಐ ಕೈಲಿ ನೋಟ್ ಬರೆಸಿ ಹಂಗೇ ಕಳಸ್ತಾರ, ಜಿಲ್ಲಾ ರಿಪೋರ್ಟರ್‌ಗಳು ಓದಂಗೂ ಇಲ್ಲ. ತೋರಣಗಲ್ಲು ಕಡೆ ಯಾವ್ದೋ ಫ್ಯಾಕ್ಟರಿ ವಿಸ್ತರಣೆ ಅಂದ್ರ ಅವ್ರು ಮೊದ್ಲು ಕೇಳೋದು ಧೂಳು, ನೀರು, ನಮ್ ಹುಡುಗ್ರಿಗೆ ಎಷ್ಟು ಕೆಲಸ ಅಂತ, ನೋಟ್‌ನಾಗ ನೋಡಿದ್ರ ಬರೇ ಚೇರ್ಮನ್ ಮಾತು!

ರಾಯಚೂರು ಮಂದಿ: ಸೇರೋ ಮುಂಚೆ ಒಂದು ಕೇಳ್ರಿ, ಕೆಲಸ ಹೆಂಗ ಅಳೀತೀರಿ ಅಂತ. ಸುದ್ದಿ ಬಂದ ಜಾಗಾನ ಜಾಹೀರಾತು ರೇಟಿಗೆ ಗುಣಿಸೋದು ತಪ್ಪು ಅಂತ ಪಿಆರ್ ಕೆಲಸ ಅಳೆಯೋಕೆ ಆ ರಂಗದವ್ರೇ ಒಪ್ಪಿದ 2010ರ ಬಾರ್ಸಿಲೋನಾ ತತ್ವಗಳೊಳಗೇ ಹೇಳ್ಯಾರ, ಇನ್ನೂ ಕೆಲವ್ರು ಅದನ್ನೇ ಕ್ಲೈಂಟ್‌ಗೆ ತೋರಿಸ್ತಾರ. ಇನ್‌ಫ್ಲುಯೆನ್ಸರ್ ಕೆಲಸಾನೂ ಬರ್ತದ, ದುಡ್ಡು ಕೊಟ್ಟ ಪೋಸ್ಟ್‌ಗೆ ಜಾಹೀರಾತು ಅಂತ ಲೇಬಲ್ ಹಾಕ್ಬೇಕು ಅಂತ 2021ರಾಗೇ ಎಎಸ್‌ಸಿಐ (ಜಾಹೀರಾತು ರಂಗದ ಸ್ವಯಂ ನಿಯಂತ್ರಣ ಸಂಸ್ಥೆ) ನಿಯಮ ಮಾಡ್ಯದ, ಲೇಬಲ್ ಬ್ಯಾಡ ಅನ್ನೋ ಕಡೆ ಸೇರಬ್ಯಾಡ್ರಿ.

ಕೊಪ್ಪಳದಾಕಿ: ಇಂಟರ್‌ವ್ಯೂ ಮಾಡಿದ ಮೇಡಂಗೆ ಇವತ್ತೇ ಫೋನ್ ಹಚ್ಚಿ ಎರಡೂ ಕೇಳ್ತೀನ್ರಿ.